ಕೊನೆಯಲ್ಲಿ ಉತ್ತರಗಳಿಲ್ಲದ ಪುಸ್ತಕ

ಮನೆಯಲ್ಲೇ ಮಕ್ಕಳನ್ನು ಓದಿಸುವ ಅಪ್ಪ ಅಮ್ಮಂದಿರಿಗೆ ಗಣಿತದ ಪುಸ್ತಕ ಆರಿಸುವುದು ಅಂಥ ದೊಡ್ಡ ಕಷ್ಟವಲ್ಲ. ಯಾವ ಮಂಡಳಿಯ ಪುಸ್ತಕ ತಂದರೂ ಭಿನ್ನರಾಶಿ ಭಿನ್ನರಾಶಿಯೇ. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಕೊನೆಯ ಪುಟಗಳಲ್ಲಿ ಅಚ್ಚಾಗಿರುತ್ತದೆ. ವಿಜ್ಞಾನ, ಸಮಾಜಕ್ಕೂ ಹೇಗೋ ಒಂದು ದಾರಿ ಸಿಗುತ್ತದೆ. ಎಲ್ಲರೂ ತಡವರಿಸುವುದು ಹನ್ನೊಂದು ಹನ್ನೆರಡರ ಮಗುವಿಗೆ ವ್ಯಾಕರಣ ಯಾವುದರಿಂದ ಕಲಿಸುವುದು, ಬರೆಯಲು ಹೇಗೆ ಕಲಿಸುವುದು ಎಂಬಲ್ಲಿ. ಬರವಣಿಗೆಗೆ ಕೊನೆಯ ಪುಟದಲ್ಲಿ ಉತ್ತರ ಕೊಡಲು ಬರುವುದಿಲ್ಲ. ಮಗು ಬರೆದದ್ದನ್ನು ಯಾರಾದರೂ ಕೂತು ಓದಬೇಕು, ಎಲ್ಲಿ ತೊಡಕಾಗಿದೆ ಎಂದು ಹೇಳಬೇಕು. ಶಾಲೆಯಲ್ಲಾದರೆ ಅದಕ್ಕೊಬ್ಬರು ಮೇಷ್ಟ್ರು ಇರುತ್ತಾರೆ. ನಲವತ್ತು ನೋಟ್ ಬುಕ್ಕುಗಳ ರಾಶಿಯಲ್ಲಿ ಕೆಂಪು ಶಾಯಿಯ ಒಂದು ಸರಿ ಗುರುತನ್ನಾದರೂ ಹಾಕುತ್ತಾರೆ. ಮನೆಯಲ್ಲಿ ಅದೂ ಇಲ್ಲ. ಆ ಅಳುಕಿಗೇ ಜನ ಪುಸ್ತಕ ಕೊಳ್ಳುತ್ತಾರೆ, ಒಂದು ಮುಗಿಯುವ ಮೊದಲೇ ಇನ್ನೊಂದು ಕೊಳ್ಳುತ್ತಾರೆ.

ಬೆಂಗಳೂರು, ಮೈಸೂರಿನ ಇಂಥ ಕೆಲವು ಮನೆಗಳ ಕಪಾಟು ನೋಡಿದ್ದೇನೆ. ಮೇಲಿನ ಅರೆಯಲ್ಲಿ ಅಪ್ಪನ ಕಾಲದ ಇಂಗ್ಲಿಷ್ ವ್ಯಾಕರಣ, ರೆನ್ ಅಂಡ್ ಮಾರ್ಟಿನ್. (ಆ ರೆನ್ ಮುಂಬೈಯಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಇಲಾಖೆಯಲ್ಲಿದ್ದವರು, 'ಬ್ಯೂ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವರು ಎಂದರೆ ಮಕ್ಕಳು ನಂಬುವುದೇ ಇಲ್ಲ. ಅಷ್ಟು ರಸವತ್ತಾಗಿ ಕತೆ ಹೇಳಬಲ್ಲವರು ವ್ಯಾಕರಣವನ್ನೇಕೆ ಹೀಗೆ ಬರೆದರು ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ.) ನಡುವಿನ ಅರೆಯಲ್ಲಿ ಅಮೆರಿಕದಿಂದ ಬಂದ ದಪ್ಪ ದಪ್ಪ ಪುಸ್ತಕಗಳು. ಕೆಳಗಿನ ಅರೆಯಲ್ಲಿ, ಸಾಮಾನ್ಯವಾಗಿ ಮಡಿಕೆಯೂ ಬೀಳದೆ, ಕರ್ನಾಟಕ ಪಠ್ಯಪುಸ್ತಕ ಸಂಘದ 'ಸಿರಿಕನ್ನಡ' ಅಥವಾ 'ತಿಳಿಕನ್ನಡ'. ಮೂರು ಅರೆಗಳ ಬೆಲೆಯಲ್ಲಿ ಎಷ್ಟು ಅಂತರವೋ ಅವುಗಳ ಮೇಲಿನ ನಂಬಿಕೆಯಲ್ಲೂ ಅಷ್ಟೇ ಅಂತರ.

ಆರನೆಯದರಿಂದ ಎಂಟನೆಯ ತರಗತಿಯವರೆಗಿನ ಈ ಮೂರು ವರ್ಷ ಮನೆಶಿಕ್ಷಣದವರಿಗೆ ಒಂದು ವರ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಟ್ಟಿತು. ಮನೆಯಲ್ಲಿ ಓದಿಸುವುದಕ್ಕೆ ಹೌದೆಂದೂ ಹೇಳಲಿಲ್ಲ, ಕೂಡದೆಂದೂ ಹೇಳಲಿಲ್ಲ. ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್‌ನ ಹತ್ತನೇ ತರಗತಿಗೆ ಸೇರಲು 14 ತುಂಬಿರಬೇಕು. ಅಲ್ಲಿಯವರೆಗೆ ಪರೀಕ್ಷೆಯ ಹಂಗಿಲ್ಲ. ಬರೆಯಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಮುಂದೆ ಬರುವುದಿಲ್ಲ. ಆದರೆ ಹೆಚ್ಚಿನವರು ಈ ಮೂರು ವರ್ಷವನ್ನು ವ್ಯಾಕರಣದ ಅಭ್ಯಾಸಪುಟ ತುಂಬಿಸುವುದರಲ್ಲಿ ಕಳೆಯುತ್ತಾರೆ. ನಾನು ಬಹಳ ಕಾಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ಈಗ ನನ್ನ ತಂಗಿಯ ಮಗಳು ಮನೆಯಲ್ಲೇ ಓದುತ್ತಿದ್ದಾಳೆ. ಎರಡೂ ಕಡೆ ಕಂಡದ್ದನ್ನು ಕೂಡಿಸಿ ನನಗನಿಸುವುದು ಇಷ್ಟು: ಮೊದಲು ಬರವಣಿಗೆಗೆ ಏನು ಮಾಡುತ್ತೇವೆ ಎಂದು ನಿಶ್ಚಯಿಸಬೇಕು, ವ್ಯಾಕರಣ ಅದರ ಹಿಂದೆ ಬರಬೇಕು. ಅಂಗಡಿಯಲ್ಲಿ ಮಾತ್ರ ಇದು ತಿರುಗುಮುರುಗು. ವ್ಯಾಕರಣದ ಪುಸ್ತಕ ಕೊಂಡಷ್ಟು ಸಲೀಸಾಗಿ ಬರವಣಿಗೆಯ ಪುಸ್ತಕವನ್ನು ಯಾರೂ ಕೊಳ್ಳುವುದಿಲ್ಲ.

ಈ ಪುಸ್ತಕಗಳ ದೊಡ್ಡ ಸಂತೆ ಇರುವುದು ಅಮೆರಿಕದಲ್ಲಿ. ಇಲ್ಲಿನವರೂ ಇಂಗ್ಲಿಷಿಗೆ ಅವನ್ನೇ ತರಿಸುವುದರಿಂದ ಅವುಗಳ ಗುಣ ಅವಗುಣ ತಿಳಿದಿರುವುದು ಒಳ್ಳೆಯದು. ಒಂದು, ಆಂಡ್ರ್ಯೂ ಪುಡೇವಾ ಅವರ ಇನ್‌ಸ್ಟಿಟ್ಯೂಟ್ ಫಾರ್ ಎಕ್ಸಲೆನ್ಸ್ ಇನ್ ರೈಟಿಂಗ್‌ನದು. ಅದರ ಬುಡದಲ್ಲಿರುವ ಅಭ್ಯಾಸ ಸರಳ. ಒಂದು ಪ್ಯಾರಾ ಓದಬೇಕು, ಪ್ರತಿ ವಾಕ್ಯದಿಂದ ಮೂರು ಮುಖ್ಯ ಪದ ಬರೆದುಕೊಳ್ಳಬೇಕು, ಮೂಲವನ್ನು ಮುಚ್ಚಿಡಬೇಕು, ಆ ಪದಗಳಿಂದಲೇ ಪ್ಯಾರಾವನ್ನು ಮತ್ತೆ ಕಟ್ಟಬೇಕು. ಹೊಸದೇನಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ 'ಸ್ಪೆಕ್ಟೇಟರ್' ಪತ್ರಿಕೆಯ ಪ್ರಬಂಧಗಳನ್ನು ಹೀಗೇ ಟಿಪ್ಪಣಿ ಮಾಡಿಟ್ಟು, ಕೆಲವು ದಿನ ಬಿಟ್ಟು ತಾನೇ ಬರೆದು, ಮೂಲದೊಂದಿಗೆ ಹೋಲಿಸಿ ತಿದ್ದಿಕೊಂಡದ್ದನ್ನು ಆತ್ಮಕಥೆಯಲ್ಲಿ ಹೇಳಿದ್ದಾರೆ. ಏನು ಬರೆಯಲಿ ಎಂದು ಪೆನ್ಸಿಲ್ ಕಚ್ಚುತ್ತ ಕೂರುವ ಮಗುವಿಗೆ ಇದು ದೊಡ್ಡ ಆಸರೆ. ಅದರ ಮುಂದಿನ ಹೆಜ್ಜೆ ಮಾತ್ರ ನನಗೆ ಹಿಡಿಸುವುದಿಲ್ಲ. ಪ್ರತಿ ಪ್ಯಾರಾದಲ್ಲೂ ಒಂದು ಕ್ರಿಯಾವಿಶೇಷಣ, ಒಂದು ಗಟ್ಟಿ ಕ್ರಿಯಾಪದ, ಒಂದು 'ಏಕೆಂದರೆ' ವಾಕ್ಯ ಎಂದು ಪಟ್ಟಿ ಹಿಡಿದು ಗುರುತು ಹಾಕಿಸುತ್ತಾರೆ. ಪಟ್ಟಿಯನ್ನು ಬೇಗ ಬಿಡಿಸದಿದ್ದರೆ ಮಗುವಿನ ಗದ್ಯ ಮದುವೆಮನೆಯಲ್ಲಿ ಇದ್ದಬದ್ದ ಒಡವೆಯನ್ನೆಲ್ಲ ಹೇರಿಕೊಂಡ ಹುಡುಗಿಯಂತೆ ಕಾಣಿಸತೊಡಗುತ್ತದೆ.

ಇನ್ನೊಂದು, ಸೂಸನ್ ವೈಸ್ ಬಾವರ್ ಅವರ 'ರೈಟಿಂಗ್ ವಿತ್ ಸ್ಕಿಲ್'. ಮನೆಶಿಕ್ಷಣದ ಕೈಪಿಡಿಯೆಂದು ಹೆಸರಾದ 'ದ ವೆಲ್ ಟ್ರೇನ್ಡ್ ಮೈಂಡ್' ಅನ್ನು 1999ರಲ್ಲಿ ತಮ್ಮ ತಾಯಿಯೊಂದಿಗೆ ಸೇರಿ ಬರೆದವರು ಇವರೇ. ಪುಸ್ತಕ ನೇರವಾಗಿ ಮಗುವಿನೊಡನೆ ಮಾತಾಡುತ್ತದೆ. ಇತಿಹಾಸದ, ವಿಜ್ಞಾನದ ನಿಜವಾದ ಬರಹಗಳನ್ನು ಕೊಟ್ಟು, ಇದರ ಸಾರ ಬರೆ, ಪ್ರತಿ ಪ್ಯಾರಾದ ಮುಖ್ಯ ಮಾತು ಯಾವುದು ಹೇಳು ಎನ್ನುತ್ತದೆ. ಒಣ ಪುಸ್ತಕ, ಆದರೆ ಪ್ರಾಮಾಣಿಕ. ತಾನಾಗಿ ಕೂತು ಓದುವ ಮಗುವಿಗೆ ಸರಿ. ಉಳಿದ ಮಕ್ಕಳು ಮೂರನೆಯ ವಾರಕ್ಕೆ ಕಣ್ಣೀರು ಹಾಕುತ್ತಾರೆ. ಜೂಲಿ ಬೋಗಾರ್ಟ್ ಅವರ 'ಬ್ರೇವ್ ರೈಟರ್' ಇದಕ್ಕೆ ಪೂರಾ ತದ್ವಿರುದ್ಧ. ಗಡಿಯಾರ ಇಟ್ಟು, ಕೈ ನಿಲ್ಲಿಸದೆ ತೋಚಿದ್ದನ್ನೆಲ್ಲ ಬರೆ, ಕಾಗುಣಿತ ಆಮೇಲೆ ನೋಡೋಣ ಎನ್ನುತ್ತದೆ. ಹಾಗೆ ಬರೆದ ಹಲವಾರರಲ್ಲಿ ಒಂದನ್ನು ಮಾತ್ರ ಆರಿಸಿ ತಿದ್ದುವುದು. ಅದರ ಜೊತೆಗೆ ಒಳ್ಳೆಯ ಪುಸ್ತಕದಿಂದ ಒಂದು ಭಾಗ ನೋಡಿ ಬರೆಯುವುದು, ಕೇಳಿ ಬರೆಯುವುದು. ಓದುತ್ತ ನನಗೆ ನಗು ಬಂತು. ನಮ್ಮ ಶಾಲೆಗಳಲ್ಲಿ ಹಳೆಯ ಮೇಷ್ಟ್ರುಗಳು ಮಾಡಿಸುತ್ತಿದ್ದ ಕಾಪಿ ಮತ್ತು ಉಕ್ತಲೇಖನ ಡಾಲರ್ ಬೆಲೆ ಹೊತ್ತು ವಾಪಸು ಬಂದಿದ್ದವು.

ವ್ಯಾಕರಣದ ಮಾತಿಗೆ ಬಂದರೆ ಅಮೆರಿಕದ ಮನೆಗಳಲ್ಲಿ ಇನ್ನೂ ಒಂದು ಹಳೆಯ ಮೋಹ ಇದೆ: ವಾಕ್ಯವನ್ನು ಗೆರೆಗಳ ಮೇಲೆ ಬಿಡಿಸಿಡುವುದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪಾಠ ಮಾಡುತ್ತಿದ್ದ ಅಲೊಂಜೊ ರೀಡ್ ಮತ್ತು ಬ್ರೈನರ್ಡ್ ಕೆಲಾಗ್ 1877ರಲ್ಲಿ ಪುಸ್ತಕ ಮಾಡಿ ಹರಡಿದ ಪದ್ಧತಿ ಅದು. ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ, ವಿಶೇಷಣಗಳೆಲ್ಲ ಓರೆಗೆರೆಯಲ್ಲಿ ಕೆಳಗೆ. ಕೆಲವು ಮಕ್ಕಳಿಗೆ ಪದಬಂಧದ ಹಾಗೆ ಖುಷಿ ಕೊಡುತ್ತದೆ, ಕೊಡಲಿ. ಬರೆಯಲು ಕಲಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. 1963ರಲ್ಲೇ ರಿಚರ್ಡ್ ಬ್ರಾಡಕ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ವ್ಯಾಕರಣದ ಪಾಠದಿಂದ ಬರವಣಿಗೆಗೆ ಆಗುವ ಲಾಭ ತೀರಾ ಕಡಿಮೆ, ಬರೆಯುವ ಹೊತ್ತನ್ನು ಅದು ಕಬಳಿಸುವುದರಿಂದ ನಷ್ಟವೂ ಆಗಬಹುದು ಎಂದರು. 2007ರಲ್ಲಿ ಕಾರ್ನೆಗಿ ಕಾರ್ಪೊರೇಶನ್ನಿಗಾಗಿ ಸ್ಟೀವ್ ಗ್ರಹಾಂ ಮತ್ತು ಡಲೋರೆಸ್ ಪೆರಿನ್ ನಾಲ್ಕರಿಂದ ಹನ್ನೆರಡನೇ ತರಗತಿಯವರೆಗಿನ ಅಧ್ಯಯನಗಳನ್ನು ಅಂಕಿಗೆ ಇಳಿಸಿದಾಗ ಸಾರಲೇಖನ ಕಲಿಸುವುದರ ಪರಿಣಾಮ 0.82, ಚಿಕ್ಕ ವಾಕ್ಯಗಳನ್ನು ಕೂಡಿಸಿ ಬರೆಸುವುದರದು 0.50, ಬರಿಯ ವ್ಯಾಕರಣ ಪಾಠದ್ದು ಸೊನ್ನೆಗಿಂತ ಕೆಳಗೆ, ಮೈನಸ್ 0.32. ಹಲವು ಅಧ್ಯಯನಗಳಲ್ಲಿ ವ್ಯಾಕರಣದ ಗುಂಪನ್ನು ಹೋಲಿಕೆಗೆಂದೇ ಇಟ್ಟುಕೊಂಡಿದ್ದರು, ಹಾಗಾಗಿ ಈ ಕೊನೆಯ ಅಂಕಿಯನ್ನು ಶಾಸನದಂತೆ ಹಿಡಿಯಬೇಕಾಗಿಲ್ಲ. ಆದರೂ ಯಾವ ಕಡೆ ವಾಲಿದೆ ಎಂಬುದಂತೂ ಸ್ಪಷ್ಟ. ವಾಕ್ಯ ಕೂಡಿಸುವುದನ್ನು ನಮ್ಮ ಈ ವಯಸ್ಸಿನ ಮಕ್ಕಳ ಮೇಲೇ ಪರೀಕ್ಷಿಸಿದವರಿದ್ದಾರೆ. ಫ್ರಾಂಕ್ ಒ'ಹೇರ್ ಫ್ಲಾರಿಡಾದ ಏಳನೇ ತರಗತಿಯವರಿಗೆ ವ್ಯಾಕರಣದ ಪರಿಭಾಷೆ ಹೇಳದೆಯೇ ಈ ಅಭ್ಯಾಸ ಮಾಡಿಸಿ, ಅವರ ಬರಹ ಉಳಿದವರಿಗಿಂತ ಮೇಲಾದದ್ದನ್ನು 1973ರ ಪುಸ್ತಕದಲ್ಲಿ ತೋರಿಸಿದರು. ಇಂಗ್ಲಿಷಿಗೆ ಒಂದೇ ಒಂದು ಪುಸ್ತಕ ಹೇಳಿ ಎಂದರೆ ನಾನು ಈ ಸಾಲಿನದೇ ಆದ, ಡಾನ್ ಕಿಲ್‌ಗ್ಯಾಲನ್ ಅವರ 'ಸೆಂಟೆನ್ಸ್ ಕಂಪೋಸಿಂಗ್ ಫಾರ್ ಮಿಡ್ಲ್ ಸ್ಕೂಲ್' ಹೇಳುತ್ತೇನೆ. ಒಳ್ಳೆಯ ಲೇಖಕರ ವಾಕ್ಯ ಬಿಚ್ಚುವುದು, ಜೋಡಿಸುವುದು, ಅದೇ ಧಾಟಿಯಲ್ಲಿ ತಮ್ಮದೊಂದು ಬರೆಯುವುದು, ಅದಿಷ್ಟೇ.

ಕನ್ನಡಕ್ಕೆ? ಕೊಳ್ಳಲು ಏನೂ ಸಿಗುವುದಿಲ್ಲ. ಹೆಸರಿಗೆ ಕೊರತೆಯಿಲ್ಲ, 13ನೇ ಶತಮಾನದ ಕೇಶಿರಾಜನಿಂದ ಹಿಡಿದು ವ್ಯಾಕರಣದ ಪರಂಪರೆ ನಮ್ಮದು ದೊಡ್ಡದೇ. ತೀ.ನಂ.ಶ್ರೀ. ಅವರ 'ಕನ್ನಡ ಮಧ್ಯಮ ವ್ಯಾಕರಣ' ಇಂದಿಗೂ ಮನೆಯಲ್ಲಿ ಇರಬೇಕಾದ ಪುಸ್ತಕ, ಆದರೆ ಅದು ಅಪ್ಪ ಅಮ್ಮ ನೋಡಿಕೊಳ್ಳಲಿಕ್ಕೆ. ಹನ್ನೆರಡರ ಮಗುವಿನ ಕೈಗೆ ಕೊಟ್ಟರೆ ಸವರ್ಣದೀರ್ಘ, ಗುಣ, ವೃದ್ಧಿ ಎಂದು ಪಾಠ ಒಪ್ಪಿಸುತ್ತದೆ, 'ಮಳೆಗಾಲ' ಆದೇಶಸಂಧಿ ಎಂದೂ ಹೇಳುತ್ತದೆ. ಮಳೆಗಾಲದ ಮೇಲೆ ಐದು ಸಾಲು ಬರೆ ಎಂದರೆ ಮಾತ್ರ 'ಮಳೆಗಾಲವು ಬಹಳ ಸುಂದರವಾಗಿರುತ್ತದೆ' ಎಂದು ಬರೆದು ನಿಲ್ಲಿಸುತ್ತದೆ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕವನ್ನೇ ಬರೆದು, ನಮ್ಮ ವ್ಯಾಕರಣ ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡವನ್ನು ತುರುಕುತ್ತಿದೆ ಎಂದರು. ಅವರು ಹೇಳಿದ್ದನ್ನೆಲ್ಲ ಒಪ್ಪದವರೂ ಪಂಚಮೀ ವಿಭಕ್ತಿಗೆ 'ದೆಸೆಯಿಂದ' ಎಂದು ಬಾಯಿಪಾಠ ಮಾಡಿಸುವಾಗ ಒಮ್ಮೆ ಯೋಚಿಸಬೇಕು. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾವ ಮಗುವಾದರೂ ಹೇಳೀತೆ?

ಆದ್ದರಿಂದ ಕನ್ನಡದ ಪಠ್ಯಕ್ರಮವನ್ನು ಮನೆಯಲ್ಲೇ ಕಟ್ಟಿಕೊಳ್ಳಬೇಕು. ತಂಗಿಯ ಮಗಳ ಮೊದಲ ಪುಟ ಹೀಗಿತ್ತು: 'ನಾವು ಸಾಗರಕ್ಕೆ ಹೋದೆವು. ನಾವು ಅಜ್ಜಿ ಮನೆಗೆ ಹೋದೆವು. ಅಜ್ಜಿ ಮನೆಯಲ್ಲಿ ಒಂದು ನಾಯಿ ಇದೆ. ಅದರ ಹೆಸರು ಕರಿಯ. ಕರಿಯ ನಮ್ಮನ್ನು ನೋಡಿತು. ಕರಿಯ ಬೊಗಳಿತು.' ತಪ್ಪು ಒಂದೂ ಇಲ್ಲ. ಅಭ್ಯಾಸಪುಸ್ತಕವಾಗಿದ್ದರೆ ಪೂರ್ತಿ ಅಂಕ. ಆರನ್ನೂ ಒಂದು ಮಾಡು ಎಂದೆ. ಸ್ವಲ್ಪ ಹೊತ್ತು ಕೂತು ಬರೆದಳು: 'ಸಾಗರದ ಅಜ್ಜಿ ಮನೆಯಲ್ಲಿರುವ ಕರಿಯ ಎಂಬ ನಾಯಿ ನಮ್ಮನ್ನು ನೋಡಿ ಬೊಗಳಿತು.' ಇನ್ನೊಂದು ರೀತಿಯಲ್ಲಿ ಬರೆ ಎಂದೆ. 'ನಾವು ಸಾಗರದ ಅಜ್ಜಿ ಮನೆಗೆ ಹೋದಾಗ ನಮ್ಮನ್ನು ಮೊದಲು ನೋಡಿ ಬೊಗಳಿದ್ದು ಕರಿಯ.' ಎರಡನ್ನೂ ಜೋರಾಗಿ ಓದಿಸಿದೆ. ಎರಡನೆಯದರಲ್ಲಿ ನಾಯಿ ಕೊನೆಗೆ ಬಂದು ನಿಂತಿದೆ, ಅದೇ ಚೆನ್ನ ಎಂದು ಅವಳೇ ಹೇಳಿದಳು. 'ಇರುವ', 'ನೋಡಿ', 'ಹೋದಾಗ', 'ಬೊಗಳಿದ್ದು' — ಶಾಲೆಯ ವ್ಯಾಕರಣ ಕೃದಂತವೆಂಬ ಒಂದೇ ಅಧ್ಯಾಯದಲ್ಲಿ ಹೇಳಿ ಮುಗಿಸುವುದು ಇವನ್ನೇ. ಕನ್ನಡ ಗದ್ಯದ ಬೆನ್ನುಮೂಳೆ ಇರುವುದು ಇಲ್ಲಿ. ಈ ವಯಸ್ಸಿಗೆ ಒಂದೇ ಒಂದು ವ್ಯಾಕರಣ ಪಾಠ ಆರಿಸಿ ಎಂದರೆ ಸಂಧಿಯನ್ನೂ ಸಮಾಸವನ್ನೂ ಬಿಟ್ಟು ನಾನು ಇದನ್ನೇ ಹಿಡಿಯುತ್ತೇನೆ.

ಮುಂದಿನ ಸಾಲಲ್ಲಿ ತಕರಾರು ಬಂತು. 'ಗೇಟು ತೆರೆದು ಕರಿಯ ಓಡಿಬಂತು' ಎಂದು ಬರೆದಿದ್ದಳು. ಗೇಟು ತೆರೆದದ್ದು ಯಾರು ಎಂದು ಕೇಳಿದೆ. "ಅಜ್ಜಿ" ಅಂದಳು. ಓದಿ ನೋಡು ಎಂದೆ. ಓದಿ, ನಾಯಿಯೇ ಚಿಲಕ ತೆಗೆದದ್ದನ್ನು ಕಂಡು ನಕ್ಕಳು. 'ಅಜ್ಜಿ ಗೇಟು ತೆರೆದ ಕೂಡಲೇ' ಎಂದು ತಿದ್ದಿದಳು. 'ತೆರೆದು' ಎಂದರೆ ಮುಂದಿನ ಕೆಲಸವನ್ನೂ ಸಾಮಾನ್ಯವಾಗಿ ಅದೇ ಕರ್ತೃ ಮಾಡಬೇಕು ಎಂಬ ನಿಯಮ ಅವಳಿಗೆ ಹೀಗೆ ಸಿಕ್ಕಿತು. ಎರಡು ದಿನ ಬಿಟ್ಟು ಬಂದು, "ದೊಡ್ಡಮ್ಮ, 'ಮಳೆ ಬಂದು ರಸ್ತೆ ಕೆಸರಾಯ್ತು' ಅಂತೀವಲ್ಲ, ಅಲ್ಲಿ ಮಳೆ ಬೇರೆ ರಸ್ತೆ ಬೇರೆ" ಎಂದು ನನ್ನನ್ನೇ ಸಿಕ್ಕಿಸಿದಳು. ಒಂದು ಇನ್ನೊಂದಕ್ಕೆ ಕಾರಣವಾದಾಗ ಭಾಷೆ ಅಷ್ಟು ಸಡಿಲ ಬಿಡುತ್ತದೆ ಎಂದು ಹೇಳುವಷ್ಟರಲ್ಲಿ ಇನ್ನೊಂದು ಪ್ರಶ್ನೆ. "ಮನೇಲಿ ಎಲ್ಲರೂ ಕರಿಯ ಬಂದ ಅಂತೀವಿ. ಬರೆಯುವಾಗ ಮಾತ್ರ ಯಾಕೆ ಬಂತು?" ಯಾವ ಪುಸ್ತಕದ ಕೊನೆಯ ಪುಟದಲ್ಲೂ ಇದಕ್ಕೆ ಉತ್ತರವಿಲ್ಲ. ನಾವಿಬ್ಬರೂ ಸೇರಿ, ಅಜ್ಜಿಯ ಮಾತಾಗಿ ಬರೆಯುವಲ್ಲಿ 'ಬಂದ', ಉಳಿದೆಡೆ 'ಬಂತು' ಎಂದು ತೀರ್ಮಾನಿಸಿದೆವು. ಬೇರೆ ಮನೆಯವರು ಬೇರೆ ತೀರ್ಮಾನಕ್ಕೆ ಬರಬಹುದು.

ಮೂರು ಪದ ಬರೆದುಕೊಂಡು ಪ್ಯಾರಾ ಕಟ್ಟುವ ಪುಡೇವಾ ಅವರ ಅಭ್ಯಾಸ ಕನ್ನಡಕ್ಕೆ ಇನ್ನೂ ಚೆನ್ನಾಗಿ ಒಗ್ಗುತ್ತದೆ, ಒಂದು ಷರತ್ತಿನ ಮೇಲೆ. ಪದಗಳನ್ನು ಪ್ರತ್ಯಯ ಕಳಚಿ ಬರೆದುಕೊಳ್ಳಬೇಕು. 'ಬೆಳಿಗ್ಗೆ ರೈತರು ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋದರು' ಎಂಬುದರಿಂದ ರೈತ, ಎತ್ತು, ಕೆರೆ ಎಂದಷ್ಟೇ ಉಳಿಸಿಕೊಂಡರೆ, ಮಾರನೆಯ ದಿನ ಮಗು 'ರೈತರು ಎತ್ತುಗಳಿಗೆ ಕೆರೆಯಿಂದ ನೀರು ತಂದರು' ಎಂದು ಬರೆಯುತ್ತದೆ. ಪದ ಅವೇ, ಪ್ರತ್ಯಯ ಬದಲಾಗಿ ಕತೆಯೇ ಬೇರೆಯಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವಿಭಕ್ತಿಯ ಪಾಠಕ್ಕೆ ಕೋಷ್ಟಕ ಬೇಕಾಗುವುದಿಲ್ಲ. ಇದಕ್ಕೆ ಮೂಲವಾಗಿ ಪಠ್ಯಪುಸ್ತಕ ಸಂಘದ ಪಾಠಗಳೇ ಸಾಕು, ಅವು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಸಿಗುತ್ತವೆ. ನನ್ನ ಆಯ್ಕೆ ಕೇಳಿದರೆ ತೇಜಸ್ವಿಯವರ 'ಪರಿಸರದ ಕತೆ', ಗೊರೂರರ 'ಹಳ್ಳಿಯ ಚಿತ್ರಗಳು', ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಉಕ್ತಲೇಖನಕ್ಕೂ ಇವೇ. ವಾರಕ್ಕೊಂದು ಪ್ಯಾರಾ, ಮೊದಲು ಓದಲು ಕೊಟ್ಟು, ಆಮೇಲೆ ಹೇಳಿ ಬರೆಸುವುದು. ಅಲ್ಪಪ್ರಾಣ ಮಹಾಪ್ರಾಣ, ಅಕಾರ ಹಕಾರದ ಗೊಂದಲ ಅಲ್ಲೇ ಹೊರಬೀಳುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುವ ಮಗು 'ನಾನು ಎರಡು ಬೆಕ್ಕುಗಳನ್ನು ಹೊಂದಿದ್ದೇನೆ' ಎಂದು ಬರೆಯುವುದೂ ಇಂಥ ಗದ್ಯ ಕಿವಿಗೆ ಬೀಳುತ್ತ ಬೀಳುತ್ತ ತಾನೇ ಕಡಿಮೆಯಾಗುತ್ತದೆ. ನಿಯಮ ಹೇಳಿ ಬಿಡಿಸಲು ಹೋದವರು ಯಾರೂ ಗೆದ್ದದ್ದನ್ನು ನಾನು ಕಂಡಿಲ್ಲ.

ಗಾದೆ ವಿಸ್ತರಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮನೆಶಿಕ್ಷಣದವರು ಅದನ್ನು ಎಸ್‌ಎಸ್‌ಎಲ್‌ಸಿಯ ಗಿಳಿಪಾಠವೆಂದು ಮೂಗು ಮುರಿಯುತ್ತಾರೆ. 'ಗಾದೆಗಳು ವೇದಕ್ಕೆ ಸಮಾನ' ಎಂದು ಶುರುವಾಗಿ 'ಆದ್ದರಿಂದ ಈ ಗಾದೆ ನಮಗೆಲ್ಲ ದಾರಿದೀಪ' ಎಂದು ಮುಗಿಯುವ ಸಾವಿರಾರು ಉತ್ತರಗಳನ್ನು ತಿದ್ದಿದ ನನಗೂ ಅದರ ಮೇಲೆ ಪ್ರೀತಿ ಇರಲಿಲ್ಲ. ಆದರೆ ಅಮೆರಿಕದ ಮನೆಶಿಕ್ಷಣದಲ್ಲಿ ಈಗ ಬಹಳ ಬೇಡಿಕೆಯಿರುವ ಕ್ಲಾಸಿಕಲ್ ಅಕಾಡೆಮಿಕ್ ಪ್ರೆಸ್ಸಿನ 'ರೈಟಿಂಗ್ ಅಂಡ್ ರೆಟರಿಕ್' ಮಾಲೆಯ ನಾಲ್ಕನೆಯ ಪುಸ್ತಕ ಗಾದೆ ವಿಸ್ತರಣೆಗೇ ಮೀಸಲು, ಮಹನೀಯರ ಮಾತಿನ ವಿಸ್ತರಣೆಯೂ ಅದರ ಜೊತೆಗಿದೆ. ಹಳೆಯ ಗ್ರೀಕರು ಹುಡುಗರಿಗೆ ಮಾಡಿಸುತ್ತಿದ್ದ ಅಭ್ಯಾಸಗಳ ಸರಣಿಯಲ್ಲಿ ಇದೂ ಒಂದು. ನಾಲ್ಕನೆಯ ಶತಮಾನದ ಅಫ್ತೋನಿಯಸ್ ಅದಕ್ಕೆ ಎಂಟು ತಲೆಬರಹ ಕೊಟ್ಟಿದ್ದ: ಹೇಳಿದವನ ಪ್ರಶಂಸೆ, ಮಾತನ್ನು ಬಿಡಿಸಿ ಹೇಳುವುದು, ಕಾರಣ, ಅದಕ್ಕೆ ವಿರುದ್ಧವಾದದ್ದು, ಹೋಲಿಕೆ, ಉದಾಹರಣೆ, ಹಿರಿಯರ ಸಾಕ್ಷಿ, ಮುಕ್ತಾಯ. ನಮ್ಮ ವಿಸ್ತರಣೆಯಲ್ಲಿ ಇಲ್ಲದ್ದು ಆ 'ವಿರುದ್ಧವಾದದ್ದು'. ಅದೊಂದನ್ನು ಸೇರಿಸಿ ನೋಡಬಹುದು. ತಂಗಿಯ ಮಗಳಿಗೆ 'ತಾಳಿದವನು ಬಾಳಿಯಾನು' ಕೊಟ್ಟೆ. ತಾಳದೆ ಹೋದವನ ಕತೆಯನ್ನೂ ಹೇಳು ಎಂದೆ. ಅವಳು ಬರೆದದ್ದು ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಾಗ ತಾಳಿಕೊಂಡು ಕೂತವರ ಬಗ್ಗೆ. ಯಾರೂ ದೂರು ಕೊಡದೆ ತಾಳಿದ್ದರಿಂದ ಎರಡು ವಾರ ಎಲ್ಲರೂ ಮೆಟ್ಟಿಲು ಹತ್ತಿದರು, ಕೊನೆಗೆ ತಾಳದ ಒಬ್ಬ ಅಜ್ಜ ಕೂಗಾಡಿದ ಮೇಲೆ ರಿಪೇರಿಯಾಯಿತು, ಆದ್ದರಿಂದ ಗಾದೆ ಲಿಫ್ಟಿಗೆ ಅನ್ವಯಿಸುವುದಿಲ್ಲ ಎಂದು ವಾದಿಸಿದ್ದಳು. ಮೌಲ್ಯಮಾಪನ ಕೇಂದ್ರದಲ್ಲಾದರೆ ಎಷ್ಟು ಅಂಕ ಬೀಳುತ್ತಿತ್ತೋ. ನಾನಂತೂ ಗಾದೆ ವಿಸ್ತರಣೆಯನ್ನು ಕೊನೆಯವರೆಗೆ ಓದಿದ್ದು ಬಹಳ ದಿನಗಳ ಮೇಲೆ.

ಇಷ್ಟಕ್ಕೆಲ್ಲ ದಿನಕ್ಕೆಷ್ಟು ಹೊತ್ತು ಎಂದು ತಾಯಂದಿರು ಕೇಳುತ್ತಾರೆ. ವ್ಯಾಕರಣಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಅದೂ ಮಗುವೇ ಬರೆದ ವಾಕ್ಯದ ಮೇಲೆ. ಬರೆಯುವುದಕ್ಕೆ ಅರ್ಧ ಗಂಟೆ. ಓದುವುದಕ್ಕೆ ಲೆಕ್ಕ ಇಡಬಾರದು. ಕಷ್ಟವಿರುವುದು ಹಿರಿಯರ ಹೊತ್ತಿನಲ್ಲಿ. ಮಗು ಬರೆದದ್ದನ್ನು ಅದೇ ದಿನ, ಪಕ್ಕದಲ್ಲಿ ಕೂತು, ಬಾಯಿಬಿಟ್ಟು ಓದುವವರೊಬ್ಬರು ಬೇಕು. ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಬೇಕು, ಉಳಿದವು ಕಂಡರೂ ಸುಮ್ಮನಿರಬೇಕು. ಅಮ್ಮನ ಕನ್ನಡ ಅಷ್ಟಕ್ಕಷ್ಟೇ ಎಂಬ ಮನೆಗಳಲ್ಲಿ ಈ ಕೆಲಸ ಅಜ್ಜ ಅಜ್ಜಿಯರಿಗೆ ಹೋಗಬಹುದು. ದಾವಣಗೆರೆಯ ಒಬ್ಬರು ತಾತ ಬೆಂಗಳೂರಿನ ಮೊಮ್ಮಗನ ಪುಟಗಳನ್ನು ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡು, ತಿದ್ದದೆ, ಬರಿಯ ಪ್ರಶ್ನೆ ಕೇಳುತ್ತಾರಂತೆ: ಆಮೇಲೆ ಏನಾಯ್ತು, ಅವನು ಯಾರು, ಬಣ್ಣ ಯಾವುದಿತ್ತು. ಹುಡುಗ ಉತ್ತರ ಸೇರಿಸಿ ಮತ್ತೆ ಬರೆದು ಕಳಿಸುತ್ತಾನೆ.

ಹದಿನಾಲ್ಕು ತುಂಬಿ ಎನ್‌ಐಒಎಸ್‌ನಲ್ಲಿ ಕನ್ನಡವನ್ನೇ ಒಂದು ಭಾಷೆಯಾಗಿ ತೆಗೆದುಕೊಂಡಾಗ, ಇಲ್ಲವೇ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿಗೆ ಕೂರುವಾಗ, ಸಂಧಿ, ಸಮಾಸ, ಛಂದಸ್ಸು, ಪತ್ರಲೇಖನದ ಒಕ್ಕಣೆ ಎಲ್ಲ ಕಲಿಯಬೇಕಾಗುತ್ತದೆ. ಬರೆಯಲು ಬರುವ ಮಗು ಅವನ್ನು ಕೆಲವು ತಿಂಗಳಲ್ಲಿ ಕಲಿತುಬಿಡುತ್ತದೆ, ತೀ.ನಂ.ಶ್ರೀ. ಅವರ ಪುಸ್ತಕ ಕಪಾಟಿನಿಂದ ಇಳಿಯುವುದು ಆಗ. ಹಳೆಯ ಪ್ರಶ್ನೆಪತ್ರಿಕೆಗಳ ಗೈಡನ್ನು ಅದಕ್ಕಿಂತ ಮೊದಲು ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ತಂಗಿ ಈಗಾಗಲೇ ಒಂದು ಕೊಂಡಿಟ್ಟಿದ್ದಾಳೆ, ಕೇಳಿದರೆ ನಮ್ಮ ಮನೆಯವರು ತಂದದ್ದು ಎನ್ನುತ್ತಾಳೆ.